ನಿಂಜಾ ಇಲ್ಲಿದ್ದಾನೆ, ದಯವಿಟ್ಟು ನೋಡಿ

ಜಪಾನಿನ ಮಿಯೆ ಪ್ರಾಂತ್ಯದ ಇಗಾ ಊರಿನಲ್ಲಿ ಫೆಬ್ರುವರಿ 22 ನಿಂಜಾ ದಿನ. ನಿಂಜಾ ಎಂದರೆ ಹಳೆಗಾಲದ ಜಪಾನಿನ ಗೂಢಚಾರ. ಮೇಯರ್ ಸಾಹೇಬರೂ ನಗರಸಭೆ ಸದಸ್ಯರೂ ನಿಂಜಾ ದಿರಿಸು ತೊಟ್ಟು ಗಂಭೀರವಾಗಿ ಸಭೆಗೆ ಕೂತದ್ದುಂಟು. ಅಲ್ಲಿನ ರೈಲಿಗೆ ನಿಂಜಾ ಕಣ್ಣು ಬರೆದಿದ್ದಾರೆ. ರೈಲು ನಿಲ್ದಾಣಕ್ಕೆ 2019ರಿಂದ 'ನಿಂಜಾ ನಗರ' ಎಂಬ ಉಪನಾಮ. ಯಾರ ಕಣ್ಣಿಗೂ ಬೀಳದೆ ಹೊಟ್ಟೆ ಹೊರೆದವರ ಊರು ಈಗ ಎಲ್ಲರ ಕಣ್ಣಿಗೆ ಬಿದ್ದು ಹೊಟ್ಟೆ ಹೊರೆಯುತ್ತಿದೆ.

ಆ ಕಪ್ಪು ದಿರಿಸು ಬಂದದ್ದಾದರೂ ನಾಟಕದಿಂದ. ಕಬುಕಿ ರಂಗದ ಮೇಲೆ ಸಾಮಾನು ಎತ್ತಿಡುವ ಆಳು ಅಡಿಯಿಂದ ಮುಡಿಯವರೆಗೆ ಕಪ್ಪು ಹೊದ್ದಿರುತ್ತಾನೆ. ಅವನು ಅಲ್ಲಿಲ್ಲವೆಂದೇ ಪ್ರೇಕ್ಷಕರು ತಿಳಿಯಬೇಕು. ನಿಜವಾದ ಗೂಢಚಾರ ಹಗಲಲ್ಲೇ ನಡೆದು ಹೋಗುತ್ತಿದ್ದ: ಭಿಕ್ಷುವಾಗಿ, ಬೆಟ್ಟದ ತಪಸ್ವಿಯಾಗಿ, ವ್ಯಾಪಾರಿಯಾಗಿ, ದೊಂಬರಾಟದವನಾಗಿ. ಇಂಥ ವೇಷಗಳು ಏಳು. ಏಳರಲ್ಲೂ ಮುಸುಕು ಹಾಕಿದ ಕಪ್ಪು ಮನುಷ್ಯ ಇಲ್ಲ.

ಹೊರಡುವಾಗ ಜೊತೆಗೆ ಆರು ವಸ್ತು: ಮುಖ ಮರೆಸುವ ಜೊಂಡಿನ ಟೋಪಿ, ಕೊಕ್ಕೆ ಹಗ್ಗ, ಗುರುತು ಬರೆಯಲು ಬಳಪ, ಔಷಧಿ, ಕೆಂಡ ಒಯ್ಯುವ ಬಿದಿರಿನ ಕೊಳವೆ, ಸುಮಾರು 90 ಸೆಂ.ಮೀ. ಉದ್ದದ ಒಂದು ವಸ್ತ್ರ. ಕೊನೆಯದ್ದು ನಮ್ಮ ಟವೆಲ್ಲೇ. ಅಂಗಡಿ ಅಂಗಡಿಯಲ್ಲಿ ತೂಗುಬಿಟ್ಟಿರುವ ಶುರಿಕೆನ್ ಎಂಬ ನಕ್ಷತ್ರಾಕಾರದ ಎಸೆಯುವ ಆಯುಧ ಈ ಪಟ್ಟಿಯಲ್ಲಿಲ್ಲ. ಭಿಕ್ಷುವಿನ ಜೋಳಿಗೆಯಲ್ಲಿ ಅದು ಸಿಕ್ಕರೆ ಕಾವಲುಗಾರನಿಗೆ ಇನ್ನೇನೂ ಕೇಳುವ ಅಗತ್ಯವೇ ಬೀಳದು. ಟವೆಲ್ಲಿಗೆ ಯಾರೂ ತಲೆ ಕಡಿಯುವುದಿಲ್ಲ.

ಇನ್ನು ನೀರಿನ ಮೇಲೆ ನಡೆಯುವ ಸಾಧನ, ಮಿಜುಗುಮೊ. 1676ರ 'ಬಾನ್‌ಸೆನ್‌ಶುಕಾಯ್' ಎಂಬ ನಿಂಜಾ ವಿದ್ಯೆಯ ಗ್ರಂಥದಲ್ಲಿ ಇದರ ಚಿತ್ರವಿದೆ: ಸುಮಾರು 65 ಸೆಂ.ಮೀ. ಅಗಲದ ಬಳೆಯಾಕಾರದ ಹಲಗೆ, ನಡುವೆ ಇನ್ನೊಂದು ಪುಟ್ಟ ಹಲಗೆ. ಕಾಲಿಗೊಂದರಂತೆ ಕಟ್ಟಿಕೊಂಡು ಹಳ್ಳ ದಾಟುತ್ತಿದ್ದರೆಂದು ಭಕ್ತರ ನಂಬಿಕೆ. 60 ಕಿಲೋ ಆಸಾಮಿ ತೇಲಬೇಕಾದರೆ 60 ಲೀಟರ್ ನೀರನ್ನು ಪಕ್ಕಕ್ಕೆ ಸರಿಸಬೇಕು. ಒಂದು ಸೆಂ.ಮೀ. ದಪ್ಪವೂ ಇಲ್ಲದ ಈ ಹಲಗೆ ಸರಿಸುವುದು ಮೂರು ಲೀಟರ್ ಒಳಗೆ. ಹೆಜ್ಜೆ ಎತ್ತಿದಾಗ ಪೂರ್ತಿ ಭಾರ ಒಂದೇ ಕಾಲಿಗೆ. ಮುಂದಿನದು ಈಜು ಬಲ್ಲವರ ಪಾಡು. ನಡುವಿನ ಹಲಗೆಯ ಮೇಲೆ ಕೂತು ಕೆಸರು ದಾಟುತ್ತಿದ್ದಿರಬಹುದೆಂದು ಬಲ್ಲವರ ಊಹೆ. ಕೆಸರಿನಲ್ಲಿ ಕೂತ ನಿಂಜಾನ ಪೋಸ್ಟರ್ ಯಾರು ಕೊಳ್ಳುತ್ತಾರೆ?

ಪ್ರಚಾರ ಎಷ್ಟು ಫಲಿಸಿತೆಂದರೆ, 2018ರಲ್ಲಿ ಇಗಾದಲ್ಲಿ ನಿಂಜಾಗಳ ಕೊರತೆಯಂತೆ, ಒಳ್ಳೆ ಸಂಬಳವಂತೆ ಎಂದು ಲೋಕವೆಲ್ಲ ಸುದ್ದಿಯಾಯಿತು. ವಿದೇಶಗಳಿಂದ ವಿಚಾರಣೆಗಳು ಬಂದು ಬಿದ್ದವು. ನಾವು ನಿಂಜಾ ನೇಮಕಾತಿ ನಡೆಸುತ್ತಿಲ್ಲ ಎಂದು ನಗರಾಡಳಿತ ಅಧಿಕೃತ ಪ್ರಕಟಣೆ ಹೊರಡಿಸಬೇಕಾಯಿತು. ನಾಲ್ಕು ನೂರು ವರ್ಷದ ಹಿಂದೆಯೂ ಇದೇ ಉತ್ತರ ಕೊಡುತ್ತಿದ್ದರು. ಆಗ ಅದು ಸುಳ್ಳಾಗಿರುತ್ತಿತ್ತು, ಅಷ್ಟೇ.

ಊರಿಗೆಲ್ಲ ಶಕುನ ಹೇಳುವ ಹಲ್ಲಿ ಬಾನಿಗೆ ಬಿದ್ದದ್ದು 2020ರ ಆಗಸ್ಟ್‌ನಲ್ಲಿ. ತಿರುಗುವ ಗೋಡೆ, ನೆಲದಡಿಯ ಕತ್ತಿಯ ಅಡಗುತಾಣ ತೋರಿಸಿ ಟಿಕೆಟ್ ಹರಿಯುವ ಇಗಾದ ನಿಂಜಾ ಮ್ಯೂಸಿಯಮ್ಮಿಗೇ ನಡುರಾತ್ರಿ ಕಳ್ಳರು ನುಗ್ಗಿದರು. 150 ಕಿಲೋ ತೂಕದ ತಿಜೋರಿ, ಒಳಗೆ 10 ಲಕ್ಷ ಯೆನ್‌ಗೂ ಹೆಚ್ಚು ದುಡ್ಡು. ಮೂರೇ ನಿಮಿಷದಲ್ಲಿ ಮಾಯ. ಬೀಗ ಬಿಚ್ಚುವ ಸಲಕರಣೆಗಳಿಗೆಂದೇ ಬಾನ್‌ಸೆನ್‌ಶುಕಾಯ್‌ನಲ್ಲಿ ಪ್ರತ್ಯೇಕ ವಿಭಾಗವಿದೆ. ಕಳ್ಳರು ಅದನ್ನು ಓದಿದವರಲ್ಲ, ಹಾರೆಯಿಂದ ಬಾಗಿಲು ಮೀಟಿದರು.