ನಿಮಗೇನ ಅನ್ನಸ್ತದ್ರೀ?

‘ಹೂಂ ಸಾಹೇಬ್ರ, ನೀವ್ ಹೇಳ್ದಂಗ’ ಎನ್ನುತ್ತಲೇ ಅರ್ಧ ಆಯುಷ್ಯದ ಸಂಬಳ ಎಣಿಸಿಕೊಂಡವರಿಗೆ, ಹೊಸ ಕೆಲಸದಲ್ಲಿ ಮಾಲಕರು ಮೊದಲ ವಾರದಲ್ಲೇ ‘ನಿಮಗೇನ ಅನ್ನಸ್ತದ್ರೀ?’ ಎಂದರೆ ಗಂಟಲು ಒಣಗುತ್ತದೆ. ಕಲಬುರಗಿಯ ದಾಲ್ ಮಿಲ್ಲಿನಲ್ಲಾದರೆ ಈ ಪ್ರಶ್ನೆಯ ಜೊತೆಗೆ ಒಂದು ಹಿಡಿ ತೊಗರಿಯೂ ಕೈಗೆ ಬಂದು ಬೀಳುತ್ತದೆ. ಇದು ಪರೀಕ್ಷೆಯೋ, ಬರೀ ಮರ್ಯಾದೆಯ ಮಾತೋ ಎಂದು ಮುಖ ನೋಡುತ್ತ ನಿಂತವರು ಕೈಯಲ್ಲಿದ್ದ ಕಾಳು ನೋಡುವುದನ್ನೇ ಮರೆಯುತ್ತಾರೆ. ಅನುಭವ ಮಂಟಪದ ಸೀಮೆಯವರು ನಾವು, ಆದರೂ ಮೀಟಿಂಗೆಂದರೆ ಬಾಗಿಲ ಪಕ್ಕದ ಕುರ್ಚಿಯೇ ಬೇಕು.

‘ಮಾಲ್ ಚಲೋ ಅದ್ರಿ’ ಎಂದು ಜಾರಿಕೊಳ್ಳುವುದು ಒಂದು ಬಗೆ. ಕೇಳಿದರಲ್ಲ ಎಂಬ ಹುರುಪಿಗೆ ಜರಡಿಯಿಂದ ಗುಮಾಸ್ತನವರೆಗೆ ಎಲ್ಲ ಬದಲಿಸಿ ಎನ್ನುವುದು ಇನ್ನೊಂದು. ‘ನಾ ಮೊದ್ಲ ಇದ್ದಲ್ಲಿ ಹಿಂಗಿರ್ಲಿಲ್ಲ’ ಎಂಬ ಮಾತು ಮೂರನೇ ಸಲ ಬಂದಾಗ ಹಮಾಲರೂ ನಗುತ್ತಾರೆ.

ಸಿಪ್ಪೆ ಸರಿಯಾಗಿ ಬಿಡುತ್ತಿಲ್ಲ ಎಂಬ ದೂರನ್ನೇ ತೆಗೆದುಕೊಳ್ಳಿ. ನಮ್ಮ ತೊಗರಿಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಈ ನೆಲದ್ದೇ ಮಾಲು ಎಂಬ ಸರ್ಕಾರಿ ಗುರುತು, ಸಿಕ್ಕಿದೆ, ಆದರೆ ಟ್ಯಾಗ್ ನೋಡಿ ಸಿಪ್ಪೆ ಬಿಡುವುದಿಲ್ಲ. ಸಿಪ್ಪೆಗೂ ಬೇಳೆಗೂ ನಡುವೆ ಅಂಟಿನ ಪದರವಿದೆ. ಅದಕ್ಕೇ ಎಮೆರಿ ರೋಲರ್‌ ಎಂಬ ಒರಟು ಮೈಯ ಉರುಳೆಯಲ್ಲಿ ಕಾಳಿಗೆ ಗೀರು ಹಾಕಿ, ಕ್ವಿಂಟಲ್‌ಗೆ ಅರ್ಧದಿಂದ ಒಂದು ಕೆಜಿ ಎಣ್ಣೆ ಹಚ್ಚಿ, ರಾತ್ರಿ ರಾಶಿ ಹಾಕಿ, ಎರಡು ಮೂರು ದಿನ ಬಿಸಿಲಿಗೆ ಹರವುವುದು. ಹೊಸಬರ ಬಾಯಿಗೆ ಥಟ್ಟನೆ ಬರುವುದು ‘ಎಣ್ಣಿ ಜಾಸ್ತಿ ಮಾಡ್ರಿ’. ತಪ್ಪು ಎಷ್ಟೋ ಸಲ ಅದಕ್ಕೂ ಹಿಂದೆ, ಜರಡಿಯಲ್ಲೇ ಇರುತ್ತದೆ. ದಪ್ಪ, ಸಣ್ಣ ಕಾಳು ಬೆರೆತು ಹೋದರೆ ದಪ್ಪನೆಯದು ಉಜ್ಜಿ ಪುಡಿಯಾಗುತ್ತದೆ, ಸಣ್ಣದು ಗೀರೇ ಬೀಳದೆ ದಾಟುತ್ತದೆ. ಗೀರಿಲ್ಲದ ಕಾಳಿನೊಳಗೆ ಎಣ್ಣೆ ಇಳಿಯುವುದು ಹೇಗೆ? ಇನ್ನು ಬಿಸಿಲು. ಜನವರಿಯ ಲೆಕ್ಕದಲ್ಲಿ ಏಪ್ರಿಲ್‌ನಲ್ಲೂ ಒಣಗಿಸಿದರೆ ಕಾಳು ಗರಿಗರಿಯಾಗಿ, ಒಡೆಯುವಾಗ ನುಚ್ಚೇ ಹೆಚ್ಚು.

ಹಾಗಾಗಿ ಬಾಯಿ ತೆರೆಯುವ ಮೊದಲು ರೋಲರ್‌ನಿಂದ ಇಳಿದ ಕಾಳನ್ನು ಅಂಗೈಯಲ್ಲಿ ಹರಡಿ ಗೀರು ನೋಡಬೇಕು. ಹಳೆಯ ಆಪರೇಟರ್ ಹತ್ತಿರ ಹೋಗಿ ಚಹಾದ ಹೊತ್ತಿನಲ್ಲಿ ಒಂದು ಮಾತು ಕೇಳಬೇಕು. ಅವನು ರೋಲರ್‌ನ ಸದ್ದಿನಲ್ಲೇ ಅರ್ಧ ಹೇಳುತ್ತಾನೆ. ಅವನನ್ನು ಬಿಟ್ಟು ನೇರ ಮಾಲಕರ ಮುಂದೆ ಜಾಣತನ ತೋರಿಸಿದರೆ ಮರುದಿನದಿಂದ ಆ ಅರ್ಧವೂ ಸಿಗುವುದಿಲ್ಲ. ಆಮೇಲೆ ‘ಈ ಲಾಟಿನಾಗ ಒಂದ್ ಕ್ವಿಂಟಲ್ ಬ್ಯಾರೆ ಜರಡಿ ಹಾಕಿ ನೋಡೂಣ್ರಿ’ ಎಂದರೆ ಸಾಕು. ಬೇಳೆ, ನುಚ್ಚು, ಹೊಟ್ಟು, ಸಿಪ್ಪೆ ಬಿಡದ ಕಾಳು ಬೇರೆ ಬೇರೆ ತೂಗಿ ಬರೆದಿಡಬೇಕು. ಕ್ವಿಂಟಲ್‌ಗೆ ಸುಮಾರು 70ರಿಂದ 75 ಕೆಜಿ ಬೇಳೆ ಬರುವ ಧಂದೆಯಲ್ಲಿ ಒಂದು ಕೆಜಿ ಹೆಚ್ಚು ಬಂದರೂ ಮಾಲಕರ ಕಿವಿ ನೆಟ್ಟಗಾಗುತ್ತದೆ. ಕಮ್ಮಿ ಬಂದರೆ ಚೀಟಿಯೇ ಹೇಳುತ್ತದೆ, ವಾದದ ಗೊಡವೆಯಿಲ್ಲ.

ಮಾತಿಗೆ ಬೆಲೆ ಇರುವ ಕಡೆ ಒಂದು ಪೇಚೂ ಇದೆ. ‘ಹಂಗಾದ್ರ ನೀವೇ ನಿಂತ್ ಮಾಡಸ್ರಿ’ ಎಂದುಬಿಡುತ್ತಾರೆ. ತಲೆಯಾಡಿಸುವ ಕೆಲಸದಲ್ಲಿ ಈ ಕಾಟ ಇರಲಿಲ್ಲ. ಅದಕ್ಕೇ ಎಣ್ಣೆಯ ವಿಚಾರದಲ್ಲಿ ಶನಿವಾರ ಸಂಜೆ ಅಭಿಪ್ರಾಯ ಹೇಳಬಾರದು. ರಾತ್ರಿ ರಾಶಿ ಹಾಕಿದ್ದನ್ನು ಭಾನುವಾರ ಬೆಳಿಗ್ಗೆ ಹರವಲು, ಅಭಿಪ್ರಾಯ ಹೇಳಿದವರೇ ಬರಬೇಕಾಗುತ್ತದೆ.