ಆ ಟ್ರ್ಯಾಕ್ ಮತ್ತೆ ಎಲ್ಲಿ ಕೇಳಲಿ?

ಶನಿವಾರ ಇಂದಿರಾನಗರದ ಒಂದು ಕ್ಲಬ್ಬಿಗೆ ಹೋಗಿದ್ದೆ. ಬಾಗಿಲಲ್ಲೇ ಫೋನಿನ ಕ್ಯಾಮೆರಾಗೆ ದುಂಡನೆಯ ಹಳದಿ ಸ್ಟಿಕ್ಕರ್ ಅಂಟಿಸಿದರು. ಹಿಂದೊಂದು, ಮುಂದೊಂದು. ಬರ್ಲಿನ್ನಿನ ಬರ್ಗ್‌ಹೈನ್ ಕ್ಲಬ್ಬಿನಲ್ಲಿ ಇದು ಹಳೇ ಪದ್ಧತಿ. ಕುಣಿಯುವವರು ನಿರಾಳವಾಗಿ ಕುಣಿಯಲಿ ಅಂತ. ಅದನ್ನು ಪೂರ್ತಿ ಒಪ್ಪುತ್ತೇನೆ. ಮುಂದೆ ನಿಂತು ಫೋನ್ ಎತ್ತಿ ಹಿಡಿಯುವವರಿಂದ ನನಗೂ ಸಾಕಾಗಿದೆ.

ನನ್ನ ಅಳಲು ಆಡಿಯೋದ್ದು. ಹನ್ನೆರಡೂವರೆ ಹೊತ್ತಿಗೆ ಡಿಜೆ ಒಂದು ಟ್ರ್ಯಾಕ್ ಹಾಕಿದರು. ಬೇಸ್ ಪೂರ್ತಿ ನಿಂತು, ತಮಟೆಯಂಥ ಒಂದು ಪೆಟ್ಟು ಮಾತ್ರ ಉಳಿಯಿತು. ಮೈ ಜುಮ್ಮೆಂದಿತು. ಹಾಡು ಕೇಳಿ ಅದರ ಹೆಸರು ಹೇಳುವ ಶಜಾಮ್ ಆ್ಯಪ್‌ನಲ್ಲಿ ಹುಡುಕಿದೆ, ಸಿಗಲಿಲ್ಲ. ಅವರ ಸೆಟ್, ಅಂದರೆ ಹಾಡಿಗೆ ಹಾಡು ಬೆಸೆದು ನುಡಿಸುವ ಸರದಿ, ಮುಗಿದ ಮೇಲೆ ಹೋಗಿ, "ಸರ್, ಇವತ್ತಿನ ರೆಕಾರ್ಡಿಂಗ್ ಎಲ್ಲಾದರೂ ಹಾಕ್ತೀರಾ?" ಅಂತ ಕೇಳಿದೆ. "ಇಲ್ಲಪ್ಪ. ಅದು ಇನ್ನೂ ಬಿಡುಗಡೆ ಆಗಿಲ್ಲ, ಗೆಳೆಯ ನಂಬಿ ಕೊಟ್ಟಿದ್ದಾನೆ" ಅಂದರು.

ಅವರ ಕಷ್ಟವೂ ನಿಜವೇ. ಒಂದು ಸೆಟ್ಟಿನಲ್ಲಿ ಹತ್ತಾರು ಜನರ ಹಾಡು ಇರುತ್ತದೆ. ಯೂಟ್ಯೂಬಿಗೆ ಹಾಕಿದರೆ ಬೇರೆಯವರ ಹಕ್ಕಿನ ಹಾಡನ್ನು ಗುರುತಿಸುವ ಅದರ ಕಂಟೆಂಟ್ ಐಡಿ ವ್ಯವಸ್ಥೆ ಹಿಡಿಯುತ್ತದೆ, ವಿಡಿಯೋ ಬ್ಲಾಕ್ ಆಗಬಹುದು. ತಪ್ಪಿದ ಒಂದು ಮಿಕ್ಸ್ ಮಾತ್ರ ಕ್ಲಿಪ್ ಆಗಿ ಓಡಾಡಿದರೆ ಹೆಸರು ಕೆಡುತ್ತದೆ.

ಆದರೆ ಹಾಡು ಬಿಡುಗಡೆಯಾದ ಮೇಲಾದರೂ ಸೆಟ್ ಹಾಕಬಹುದು, ಅಲ್ವಾ? ಮಿಕ್ಸ್‌ಕ್ಲೌಡ್ ಅನ್ನೋ ವೆಬ್‌ಸೈಟ್ ಹಾಡುಗಳ ಲೈಸೆನ್ಸ್ ಪಡೆದೇ ಇಂಥ ಸೆಟ್ ಇಡುತ್ತದೆ. ಹಾಕುವವರು ತೀರಾ ಕಮ್ಮಿ. ನಮ್ಮಪ್ಪನ ಹತ್ತಿರ ಚಾಮರಾಜಪೇಟೆಯ ರಾಮನವಮಿ ಕಛೇರಿಗಳ ಕ್ಯಾಸೆಟ್ ಈಗಲೂ ಇವೆ. ಗರಗರ ಸದ್ದು ಜಾಸ್ತಿ, ನಡುವೆ ಯಾರೋ ಕೆಮ್ಮುತ್ತಾರೆ. ಆದರೂ ಭಾನುವಾರ ಬೆಳಗ್ಗೆ ಹಾಕಿಕೊಂಡು ಕೇಳುತ್ತಾರೆ. ನನಗೆ ಆ ಶನಿವಾರದ್ದು ಅಷ್ಟೂ ಇಲ್ಲ.