ಕಾಲುವೆಯ ಚರಿತ್ರೆ: ಮೊದಲು ಬಾಯಿಮಾತೋ, ಕಡತವೋ?

ತುಂಗಭದ್ರಾ ಎಡದಂಡೆಯ ನೀರು, ಜಮೀನು, ರೈತ ಚಳವಳಿ ಕುರಿತು ಪಿಎಚ್.ಡಿ. ಮಾಡುವ ಕೊಪ್ಪಳ–ರಾಯಚೂರಿನ ಇತಿಹಾಸ ವಿದ್ಯಾರ್ಥಿ ಮೊದಲ ವರ್ಷವನ್ನು ಹಳ್ಳಿಗಳಲ್ಲಿ ಕಳೆಯಬೇಕೇ?

ಪರ: ಕಡತ ಕಾಯುತ್ತದೆ, ಅಜ್ಜ ಕಾಯುವುದಿಲ್ಲ

ಜಲಾಶಯಕ್ಕೆ ಅಡಿಗಲ್ಲು ಬಿದ್ದದ್ದು 1945ರಲ್ಲಿ, ನೀರು ಹರಿದದ್ದು 1953ರಲ್ಲಿ. ಆಗ ಮಣ್ಣು ಹೊತ್ತವರಲ್ಲಿ ಉಳಿದವರಿಗೆ ಈಗ ತೊಂಬತ್ತರ ಆಸುಪಾಸು.

ಇದಕ್ಕಿಂತ ಗಟ್ಟಿ ಕಾರಣ ಇನ್ನೊಂದಿದೆ. ಅಚ್ಚುಕಟ್ಟಿನ ಬಹುಪಾಲಿಗೆ ಯೋಜನೆಯಲ್ಲಿ ಗೊತ್ತುಮಾಡಿದ್ದು ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆ. ಗಂಗಾವತಿ, ಸಿಂಧನೂರಿನ ಹೊಲ ತುಂಬಿದ್ದು ಭತ್ತ. ಕಡತ ಹಿಡಿದು ಹೊರಟವರಿಗೆ ಇದು ನಿಯಮ ಮೀರಿದ ಎಕರೆಗಳ ಲೆಕ್ಕ, ಅಷ್ಟೇ. ರಾತ್ರಿ ಯಾರ ತೂಬು ತೆರೆಯಿತು, ಕಾಲುವೆ ಕಾಯುವ ಗ್ಯಾಂಗ್‌ಮನ್ ಯಾರ ಮಾತಿಗೆ ತಲೆಬಾಗಬೇಕಾಯಿತು, ಮಾನ್ವಿ–ಸಿರವಾರದ ಕೊನೆ ಭಾಗದವರು ಕಾಲುವೆಯ ನೀರಿನ ಮಟ್ಟ ತೋರುವ ಗೇಜ್ ಇಳಿದದ್ದನ್ನು ನೋಡಿ ಹೇಗೆ ರಸ್ತೆ ತಡೆಗೆ ಬಂದರು, ಇದನ್ನೆಲ್ಲ ಹೇಳುವವರು ಊರಲ್ಲಿದ್ದಾರೆ.

ಒಂದೇ ಉಪಕಾಲುವೆ ಹಿಡಿದು ಮೇಲ್ಭಾಗ, ನಡುಭಾಗ, ಕೊನೆ ಭಾಗದ ಮೂರು ಊರು ಆಯ್ದುಕೊಳ್ಳಿ. ಪ್ರತಿ ಊರಲ್ಲೂ ಜಮೀನಿದ್ದವರು, ಲೀಜಿಗೆ ಮಾಡುವವರು, ನಾಟಿಗೆ ಹೋಗುವ ಹೆಣ್ಣುಮಕ್ಕಳನ್ನು ಬೇರೆ ಬೇರೆಯಾಗಿ ಮಾತಾಡಿಸಿ. ಕಟ್ಟೆಯ ಮೇಲೆ ಎಲ್ಲರನ್ನೂ ಒಟ್ಟಿಗೆ ಕೇಳಿದರೆ ದೊಡ್ಡವರ ಮಾತೇ ಊರಿನ ಉತ್ತರವಾಗುತ್ತದೆ. ಇಸವಿ ಕೇಳಬೇಡಿ, 1972ರ ಬರಕ್ಕೆ ಮುಂಚೆಯೋ ಆಮೇಲೋ, ಉಳುವ ಜಮೀನಿನ ಒಡೆತನ ಕೇಳಿ ಗೇಣಿದಾರರು ಏಳನೇ ನಮೂನೆಯ ಅರ್ಜಿ ಕೊಟ್ಟ ಕಾಲವೋ ಎಂದು ಕೇಳಿ. ಒಂದು ಗಂಟೆಯ ಧ್ವನಿಮುದ್ರಣ ಬರಹಕ್ಕಿಳಿಸಲು ಐದಾರು ಗಂಟೆ ಹಿಡಿಯುತ್ತದೆ. ಅದೇ ವಾರ ಮುಗಿಸದಿದ್ದರೆ ಮಾತಿನ ನಡುವೆ ಕೈಮಾಡಿ ತೋರಿಸಿದ ಹೊಲ ಯಾವುದೆಂಬುದು ಮರೆತುಹೋಗುತ್ತದೆ.

ವಿರೋಧ: ಕಾಗದ ಓದದೆ ಪ್ರಶ್ನೆ ಹುಟ್ಟದು

ತೊಂಬತ್ತು ದಾಟಿದವರನ್ನು ತಡಮಾಡದೆ ಕಾಣಬೇಕು, ಒಪ್ಪೋಣ. ಅದಕ್ಕೆ ಒಂದು ತಿಂಗಳು ಕೊಟ್ಟರೆ ಸಾಕು, ವರ್ಷ ಬೇಡ.

ಈ ಸೀಮೆಯ ಕಾಗದಪತ್ರ ಒಂದೆಡೆ ಇಲ್ಲ. ರಾಯಚೂರು, ಕೊಪ್ಪಳ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದವು. ಬಳ್ಳಾರಿ 1953ರವರೆಗೆ ಮದ್ರಾಸಿನದು. ಒಂದೇ ಜಲಾಶಯದ ಎರಡು ದಂಡೆಗಳ ಕಡತಕ್ಕೆ ಹೈದರಾಬಾದಿನ ತಾರ್ನಾಕಾ, ಚೆನ್ನೈನ ಎಗ್ಮೋರ್ ಎರಡೂ ಕಡೆಯ ಪತ್ರಾಗಾರ ಹತ್ತಬೇಕು. ನಿಜಾಮರ ಕಂದಾಯ ಕಾಗದ ಬಹುಪಾಲು ಉರ್ದು. ಪಿಎಚ್.ಡಿ.ಗೆ ಇರುವುದು ಕನಿಷ್ಠ ಮೂರು, ಗರಿಷ್ಠ ಆರು ವರ್ಷ. ಮೊದಲ ವರ್ಷ ಹಳ್ಳಿಗೆ ಹೋದರೆ ಉರ್ದು ಕಲಿಕೆ ಹಿಂದಕ್ಕೆ ಬಿದ್ದು, ಕೊನೆಗೆ ‘1956ರಿಂದ ಈಚಿನದು ಬರೆಯಿರಿ’ ಎಂದು ಗೈಡ್ ಹೇಳುವ ಸ್ಥಿತಿ ಬರುತ್ತದೆ. ಜಹಗೀರು, ಗೇಣಿ, ಸಾಲ ಎಲ್ಲ ಪ್ರಬಂಧದಿಂದ ಬಿದ್ದುಹೋಗಿ, ಚಳವಳಿ ಕಾಲುವೆಯಿಂದಲೇ ಹುಟ್ಟಿದಂತೆ ಕಾಣುತ್ತದೆ. ಅದು ಸುಳ್ಳು ಚರಿತ್ರೆ.

ಕಾಗದದಲ್ಲೂ ಎಡವುವ ಜಾಗಗಳಿವೆ. ಕಂದಾಯ ಲೆಕ್ಕದ ವರ್ಷವಾದ ಫಸಲಿಗೆ 590 ಕೂಡಿಸಿದರೆ ಅದು ಶುರುವಾದ ಇಸವಿ ಸಿಗುತ್ತದೆ, ಸರಿ. ಆದರೆ ಮದ್ರಾಸಿನ ಫಸಲಿ ಶುರುವಾಗುತ್ತಿದ್ದದ್ದು ಜುಲೈ 1ಕ್ಕೆ, ಹೈದರಾಬಾದಿನದು ಅಕ್ಟೋಬರಿನಲ್ಲಿ. 1940ರ ಆಗಸ್ಟ್ ಬಳ್ಳಾರಿಯಲ್ಲಿ 1350, ರಾಯಚೂರಿನಲ್ಲಿ 1349. ತಿಳಿಯದೆ ಎರಡನ್ನೂ ಒಂದೇ ಪಟ್ಟಿಗೆ ಹಾಕಿದರೆ ಒಂದೇ ಮುಂಗಾರು ಎರಡು ವರ್ಷಗಳಿಗೆ ಹಂಚಿಹೋಗುತ್ತದೆ.

‘ಆಂಧ್ರದವರು ಬಂದು ಜಮೀನು ಕೊಂಡರು’ ಎಂಬ ಮಾತು ಹಾಗೆ ಬಂದವರು ನೆಲೆಸಿದ ಪ್ರತಿ ಕ್ಯಾಂಪಿನ ಸುತ್ತಲೂ ಸಿಗುತ್ತದೆ. ಮಾರಿದವರು ಯಾರು, ಯಾವ ಸಾಲ ತೀರಿಸಲು ಮಾರಿದರು ಎಂದು ಕೇಳಬೇಕಾದರೆ ಉಪನೋಂದಣಿ ಕಚೇರಿಯ ಕ್ರಯಪತ್ರದಿಂದ ಸರ್ವೆ ನಂಬರು, ತಾರೀಕು, ಬೆಲೆ ಬರೆದುಕೊಂಡು ಹೋಗಿರಬೇಕು. ಸರ್ವೆ ನಂಬರು ಹಿಸ್ಸಾಗಳಾಗಿ (ಪಾಲುಗಳಾಗಿ) ಒಡೆದಿದ್ದರೆ ಹಳೆಯ ನಂಬರು ಇಂದಿನ ಪಹಣಿಗೆ ಹೊಂದುವುದಿಲ್ಲ. ಭೂಮಾಪನ ಕಚೇರಿಯ ಆಕಾರ್‌ಬಂದ್ (ಪ್ರತಿ ಸರ್ವೆ ನಂಬರಿನ ವಿಸ್ತೀರ್ಣ, ಕಂದಾಯದ ದಾಖಲೆ) ನೋಡಿ ಸರಿಹೊಂದಿಸಬೇಕು. ಕೊಪ್ಪಳ ಜಿಲ್ಲೆಯಾದದ್ದು 1997ರಲ್ಲಿ, ಆದ್ದರಿಂದ ಅದಕ್ಕೂ ಹಿಂದಿನ ಕಡತವನ್ನು ರಾಯಚೂರು ಜಿಲ್ಲೆಯ ಹೆಸರಿನಲ್ಲೇ ಹುಡುಕಬೇಕು.